ಕಾಣದಿದ್ದುದಕ್ಕೆ ಯಾರು ಹೊಣೆ?

ಕಾಳು ಹಸನು ಮಾಡುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೆಲಸವೂ ಹೌದು, ವಿಶ್ರಾಂತಿಯೂ ಹೌದು. ಮಧ್ಯಾಹ್ನದ ಊಟ ಮುಗಿದು, ಮುಸುರಿ ಭಾಂಡಿ ತಿಕ್ಕಿ ಬೋರಲು ಹಾಕಿದ ಮೇಲೆ ಮೊರ ತೆಗೆದುಕೊಂಡು ಬಾಗಿಲಲ್ಲಿ ಕುಳಿತರೆ ಕೈ ತನ್ನ ಪಾಡಿಗೆ ತಾನು ಹರಳು ಆರಿಸುತ್ತದೆ, ಬಾಯಿ ತನ್ನ ಪಾಡಿಗೆ ತಾನು ಓಣಿಯ ಸುದ್ದಿ ಆಡುತ್ತದೆ. ನಾನು ಸಣ್ಣವಳಿದ್ದಾಗ ಈ ಕೆಲಸಕ್ಕೆ ಕುಳಿತರೆ ನಮ್ಮವ್ವ ಮೊದಲು ನನ್ನ ಭುಜ ಹಿಡಿದು ತಿರುಗಿಸುತ್ತಿದ್ದಳು. "ನಿನ್ನ ನೆರಳ ಮರದಾಗ ಬಿದ್ದರ ಹರಳ ಕಾಣತಾವೇನ? ಬೆಳಕಿನ ಕಡೆ ಹೊಳ್ಳಿ ಕುಂದ್ರು" ಎನ್ನುತ್ತಿದ್ದಳು. ಅಷ್ಟಾಗಿಯೂ ಬೇಳೆಯಲ್ಲಿ ಹರಳು ಉಳಿದು ಅಪ್ಪನ ಹಲ್ಲಿಗೆ ಸಿಕ್ಕರೆ ಮಾತ್ರ ನನಗೆ ಬೈಗಳು. ಮೊದಲು ಬೆಳಕು, ಆಮೇಲೆ ಬೈಗಳು. ಅವ್ವ ಶಾಲೆ ಕಲಿತವಳಲ್ಲ.

ಇದೆಲ್ಲ ನೆನಪಾದದ್ದು ಒಂದು ಬೇಳೆ ಗಿರಣಿಯಲ್ಲಿ. ನನ್ನ ತಂಗಿಯ ಮಗ ಇಂಜಿನಿಯರು. ಕಾರ್ಖಾನೆಗಳಲ್ಲಿ ಕ್ಯಾಮೆರಾ ಕೂಡ್ರಿಸುವುದು ಅವನ ಉದ್ಯೋಗ. ಕಳ್ಳರನ್ನು ಕಾಯುವ ಕ್ಯಾಮೆರಾ ಅಲ್ಲ, ಮಾಲು ನೋಡುವ ಕ್ಯಾಮೆರಾ. ಬಾಟಲಿಯ ಮುಚ್ಚಳ ಸರಿಯಾಗಿ ಕೂತಿದೆಯೋ, ಔಷಧದ ಪಟ್ಟಿಯಲ್ಲಿ ಒಂದು ಗುಳಿಗೆ ಕಡಿಮೆ ಇದೆಯೋ, ಚೀಟಿ ಸೊಟ್ಟ ಅಂಟಿದೆಯೋ, ಇಂಥದನ್ನು ಮನುಷ್ಯನ ಬದಲು ನೋಡಿ, ಇದು ಪಾಸು ಇದು ನಪಾಸು ಎಂದು ಹೇಳುವ ಯಂತ್ರಗಳು. ಧಾರವಾಡದ ಹತ್ತಿರ ಬೇಲೂರ ಕೈಗಾರಿಕಾ ಪ್ರದೇಶದ ಕಡೆ ಅವನ ಓಡಾಟ ಹೆಚ್ಚು. ಒಂದು ರವಿವಾರ ಊರಿಗೆ ಬಂದವನು, "ದೊಡ್ಡವ್ವಾ, ಹುಬ್ಬಳ್ಳಿ ಕಡೆ ಒಂದು ದಾಲ್ ಮಿಲ್ಲಿನ್ಯಾಗ ಅರ್ಧ ತಾಸಿನ ಕೆಲಸ ಐತಿ, ಬರ್ತಿಯೇನ? ನೀ ದಿನಾ ಮಾಡೂ ಕೆಲಸಾನ ಮಶಿನ್ ಹ್ಯಾಂಗ ಮಾಡತೈತಿ ತೋರಸ್ತೀನಿ" ಎಂದ. ಹೋದೆ.

ನಮ್ಮ ನವಲಗುಂದ, ಅಣ್ಣಿಗೇರಿಯ ಎರೆ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಆ ಕಾಳು ಅಲ್ಲಿ ಮೇಲಿನಿಂದ ಒಂದು ಇಳಿಜಾರು ತಗಡಿನ ಮೇಲೆ ತೆಳ್ಳಗಿನ ಪರದೆಯ ಹಾಗೆ ಜಾರಿ ಬೀಳುತ್ತದೆ. ಬೀಳುವ ದಾರಿಯಲ್ಲಿ ಹಿಂದೊಂದು ಮುಂದೊಂದು ಕ್ಯಾಮೆರಾ, ಎರಡೂ ಕಡೆ ಬೆಳ್ಳಗಿನ ದೀಪ. ಬಣ್ಣಗೆಟ್ಟ ಕಾಳೋ ಕಲ್ಲೋ ಕಂಡಿತೆಂದರೆ ಕೆಳಗೆ ಸಾಲಾಗಿ ಜೋಡಿಸಿದ ಸಣ್ಣ ತೂತುಗಳಲ್ಲಿ ಸರಿಯಾದ ಒಂದು ತೂತು ಪುಸ್ಸೆಂದು ಗಾಳಿ ಊದಿ, ಬೀಳುತ್ತಿರುವಾಗಲೇ ಅದನ್ನು ಬೇರೆ ಕಡೆ ಹಾರಿಸಿಬಿಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಷ್ಟೋ ಕಾಳಿನ ಹಣೆಬರಹ ನಿರ್ಧಾರವಾಗಿ ಹೋಗಿರುತ್ತದೆ.

ಈ ಕ್ಯಾಮೆರಾ ನಮ್ಮ ಮೊಬೈಲಿನದರ ಹಾಗೆ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುವುದಿಲ್ಲವಂತೆ. ಅಡ್ಡಕ್ಕೆ ಒಂದೇ ಒಂದು ಗೆರೆ ನೋಡುತ್ತದೆ, ಕಾಳು ಸರಿದ ಹಾಗೆ ಮುಂದಿನ ಗೆರೆ, ಹೀಗೆ ಸೆಕೆಂಡಿಗೆ ಸಾವಿರಾರು ಗೆರೆ. ಅವನ್ನು ಒಂದರ ಕೆಳಗೊಂದು ಕೂಡಿಸಿ ಚಿತ್ರ ಮಾಡಿಕೊಳ್ಳುತ್ತದೆ. ನನಗೆ ತಟ್ಟನೆ ಹೊಳೆದದ್ದು ನವಲಗುಂದದ ಜಮಖಾನ. ಮಗ್ಗದ ಮುಂದೆ ಕುಳಿತ ಹೆಣ್ಣುಮಗಳು ಒಂದು ಸಲಕ್ಕೆ ಒಂದೇ ಹೊಕ್ಕು ನೇಯುತ್ತಾಳೆ. ನವಿಲು ಎಲ್ಲಿದೆ ಎಂದರೆ ಆ ಗೆರೆಯಲ್ಲಿ ಎಲ್ಲೂ ಇಲ್ಲ. ಗೆರೆ ಗೆರೆ ಕೂಡಿದ ಮೇಲೆ ನವಿಲು.

ಆ ಗಿರಣಿಯಲ್ಲಿ ಮೊದಲು ಹೆಣ್ಣಾಳುಗಳು ಸಾಲಾಗಿ ಕುಳಿತು ಆರಿಸುತ್ತಿದ್ದರಂತೆ. ಈಗ ಇಬ್ಬರಿದ್ದರು, ಚೀಲ ಹೊಲಿಯುವುದಕ್ಕೆ. ನಿಜ ಹೇಳುತ್ತೇನೆ, ಅದರ ಬಗ್ಗೆಯೇ ಬರೆಯಬೇಕೆಂದು ನಾನು ಕಾಗದ ತೆಗೆದುಕೊಂಡು ಕುಳಿತದ್ದು. ದಿನಗೂಲಿ ಕಳೆದುಕೊಂಡವರ ಲೆಕ್ಕ ಯಾವ ಯಂತ್ರದ ಬೆಲೆಯಲ್ಲೂ ಸೇರಿರುವುದಿಲ್ಲ ಎಂಬ ಮಾತು ಈಗಲೂ ನನ್ನ ಮನಸ್ಸಿನಲ್ಲಿದೆ. ಆದರೆ ಆ ದಿನ ಹುಡುಗ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬೇರೆಯೇ ಕಡೆ ಎಳೆದುಕೊಂಡು ಹೋಯಿತು.

ಅವನು ತನ್ನ ಲ್ಯಾಪ್‌ಟಾಪು ತೆಗೆದು ಒಂದು ಹೊಸ ಕ್ಯಾಮೆರಾಕ್ಕೆ ವಾಯರು ಸಿಕ್ಕಿಸುತ್ತಿದ್ದ. ಕ್ಯಾಮೆರಾ ಒಂದು ದೇಶದ್ದು, ಅದು ತೋರಿಸಿದ್ದನ್ನು ನೋಡಿ ತೀರ್ಮಾನ ಹೇಳುವ ಸಾಫ್ಟ್‌ವೇರು ಇನ್ನೊಂದು ದೇಶದ್ದು, ವಾಯರು ಹುಬ್ಬಳ್ಳಿಯ ಅಂಗಡಿಯದು. "ಇವು ಒಂದಕ್ಕೊಂದು ಪರಿಚಯ ಇಲ್ಲದವು. ಇದರ ಮಾತು ಅದಕ್ಕ ಹ್ಯಾಂಗ ತಿಳೀತೈತೋ?" ಎಂದು ಕೇಳಿದೆ. ಶಿಕ್ಷಕಿಯ ಚಟ, ಎಲ್ಲಿ ಹೋದರೂ ಒಂದು ಪ್ರಶ್ನೆ.

ಮೊದಲು ತಿಳಿಯುತ್ತಿರಲಿಲ್ಲವಂತೆ. ಒಂದೊಂದು ಕಂಪನಿಯದು ಒಂದೊಂದು ಬಗೆಯ ವಾಯರು, ಒಂದೊಂದು ಭಾಷೆ. ಕ್ಯಾಮೆರಾ ಬದಲಿಸಿದರೆ ಬರೆದ ಪ್ರೋಗ್ರಾಮೆಲ್ಲ ಮತ್ತೆ ಬರೆಯಬೇಕು. 2000ದಲ್ಲಿ ಕ್ಯಾಮೆರಾ ಲಿಂಕ್ ಎಂಬ ಒಪ್ಪಂದವಾಗಿ ವಾಯರೂ ಅದನ್ನು ಸಿಕ್ಕಿಸುವ ಜಾಗವೂ ಒಂದಾದವು. 2006ರಲ್ಲಿ ಅಮೆರಿಕದ ಸಂಘವೊಂದು ಗಿಗ್‌ಇ ವಿಷನ್ ಎಂಬ ನಿಯಮ ತಂದಿತು. ಆಫೀಸಿನಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಎಳೆಯುವ ಸಾದಾ ವಾಯರಿನಲ್ಲೇ ನೂರು ಮೀಟರ್ ದೂರದ ತನಕ ಚಿತ್ರ ಕಳಿಸಬಹುದು. 2013ರಲ್ಲಿ ಯುಎಸ್‌ಬಿ ವಾಯರಿಗೂ ಅಂಥದೇ ನಿಯಮ ಬಂತು. ಇವೆಲ್ಲ ವಾಯರಿನ ಮಾತು. ಮಾತಿನ ಮಾತು ಬೇರೆ. ಅದಕ್ಕೆ ಯುರೋಪಿನ ಮಶಿನ್ ವಿಷನ್ ಸಂಘ ಜೆನ್‌ಐಕ್ಯಾಮ್ ಎಂಬುದನ್ನು ಮಾಡಿತು, ಅದೂ 2006ರ ಸುಮಾರಿಗೇ. ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರಬೇಕು ಎಂಬುದಕ್ಕೆ ಒಬ್ಬರು ಒಂದು ಹೆಸರು ಇಟ್ಟಿದ್ದರೆ ಇನ್ನೊಬ್ಬರು ಇನ್ನೊಂದು. ಈಗ ಯಾರೇ ಮಾಡಲಿ, ಆ ಗುಣಕ್ಕೆ ಅದೇ ಹೆಸರು.

ನಮ್ಮ ಓದುಗ ತಾಯಂದಿರಿಗೆ ಇದು ದೂರದ ಮಾತೆನಿಸಬಾರದು. ನಮ್ಮ ಅಜ್ಜಿಯ ಕಾಲಕ್ಕೆ ಒಂದೂರಿನ ಸೇರು ಇನ್ನೊಂದೂರಿಗೆ ಹೊಂದುತ್ತಿರಲಿಲ್ಲ. ತವರಿನಿಂದ ಐದು ಸೇರು ಬೇಳೆ ಬಂದರೆ ಅತ್ತೆಯ ಮನೆಯ ಸೇರಿಗೆ ಅದು ಕಡಿಮೆ ಬಿದ್ದು, ಸೊಸೆಯ ತವರು ಮನೆಯವರೇ ಕಳ್ಳರಾಗುತ್ತಿದ್ದರು! 1956ರ ತೂಕ-ಅಳತೆಯ ಕಾಯಿದೆ ಬಂದು ಕಿಲೋ ಲೀಟರು ಆದಮೇಲೆ ಎಷ್ಟು ಸೊಸೆಯಂದಿರ ಮಾನ ಉಳಿಯಿತೋ. ಕುಂದಗೋಳದ ಕಡೆ ಬೆಳೆದ ಮೆಣಸಿನಕಾಯಿ ಬ್ಯಾಡಗಿ ಪೇಟೆಗೆ ಹೋದರೆ ವ್ಯಾಪಾರಿ ಕೈಯಲ್ಲಿ ಹಿಡಿದು "ಕೆಂಪು ಛಲೋ ಐತಿ" ಎನ್ನುತ್ತಿದ್ದ. ಈಗ ಆ ಕೆಂಪಿಗೂ ಅಸ್ತಾ ಎಂಬ ಒಂದು ಅಂಕಿ ಇದೆ, ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನದು. ಇನ್ನು ಜಮಖಾನದ ಕಥೆಯೇ ಬೇರೆ. ನೇಯುವ ಗುಟ್ಟು ಬೇರೆ ಊರಿಗೆ ಹೋದೀತೆಂದು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯರಿಗೆ ಮಾತ್ರ ಕಲಿಸುತ್ತಿದ್ದರೆಂಬ ಮಾತು ನವಲಗುಂದದಲ್ಲಿದೆ. ಗುಟ್ಟು ಉಳಿಯಿತು, ನೇಯುವ ಕೈಗಳು ಬೆರಳೆಣಿಕೆಗೆ ಬಂದವು. ಆದರೂ ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಬಡವರಿಗೆ ಗುಟ್ಟೇ ಆಸ್ತಿ.

ನನ್ನನ್ನು ತಡೆದು ನಿಲ್ಲಿಸಿದ್ದು ಇದಾವುದೂ ಅಲ್ಲ. ವಾಯರು ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿನ ಪರದೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿ ಬಂತು. "ಇದೇನಪಾ?" ಎಂದರೆ, "ಕ್ಯಾಮೆರಾ ತನ್ನ ಬಗ್ಗೆ ತಾನ ಹೇಳಾಕತ್ತೈತಿ, ದೊಡ್ಡವ್ವಾ" ಎಂದ. ಜೆನ್‌ಐಕ್ಯಾಮ್ ನಿಯಮದ ಪ್ರಕಾರ ಪ್ರತಿಯೊಂದು ಕ್ಯಾಮೆರಾವೂ ತನ್ನ ಹೊಟ್ಟೆಯೊಳಗೆ ತನ್ನದೇ ವಿವರದ ಒಂದು ಕಾಗದ ಇಟ್ಟುಕೊಂಡಿರುತ್ತದೆ. ಯಾರ ಜೊತೆ ಜೋಡಿಸಿದರೂ ಮೊದಲು ಅದನ್ನು ಬಿಚ್ಚಿ ಓದಿಸುತ್ತದೆ. ನಾನು ಇಂಥವನು, ಇಷ್ಟು ಅಗಲ ನೋಡಬಲ್ಲೆ, ಇಷ್ಟಕ್ಕಿಂತ ಬೇಗ ನೋಡಲಾರೆ, ಇಷ್ಟಕ್ಕಿಂತ ಕಡಿಮೆ ಹೊತ್ತು ಕಣ್ಣು ತೆರೆಯಲಾರೆ. ತನ್ನ ಕೈಲಾಗದ್ದನ್ನೂ ಹೇಳಿಬಿಡುತ್ತದೆ. ಆಮೇಲೆ ಅದರ ಮಿತಿ ಮೀರಿ ಕೆಲಸ ಹೇಳಿದರೆ ಹೇಳಿದವನದೇ ತಪ್ಪು.

ಆಗ ಆ ಹುಡುಗಿ ನೆನಪಾದಳು.

ಹೆಸರು ಬರೆಯುವುದಿಲ್ಲ. 1998. ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ನಾನು ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಐದನೆಯ ಇಯತ್ತೆಯಲ್ಲಿ ಅರವತ್ತೆರಡು ಮಕ್ಕಳು. ಈಕೆ ಎಲ್ಲರಿಗಿಂತ ಎತ್ತರ. ಎತ್ತರದವರು ಹಿಂದೆ ಕೂಡ್ರಬೇಕೆಂಬುದು ನಮ್ಮ ಶಾಲೆಗಳಲ್ಲಿ ಯಾರೂ ಬರೆಯದ ಕಾಯಿದೆ. ಹಲಗೆಯ ಮೇಲೆ ನಾನು 8 ಬರೆದರೆ ಈಕೆಯ ಪಾಟಿಯಲ್ಲಿ 3. ನಾನು ಶ ಬರೆದರೆ ಅವಳದು ಠ. ಬಾಯಿಲೆಕ್ಕ ಕೇಳಿದರೆ ಮಾತ್ರ ಎಲ್ಲರಿಗಿಂತ ಮುಂದೆ. ಇದರಿಂದ ನನಗೆ ಸಂಶಯ ಬರಬೇಕಾಗಿತ್ತು. ಬಂದದ್ದು ಸಿಟ್ಟು. ಬರುವುದನ್ನು ಬೇಕೆಂದೇ ತಪ್ಪು ಬರೆಯುತ್ತಾಳೆ, ಸೊಕ್ಕು ಎಂದುಕೊಂಡೆ. ಕೆಲವು ದಿನಗಳ ಮೇಲೆ ಆಕೆ ಪಕ್ಕದ ಹುಡುಗಿಯ ಪಾಟಿ ನೋಡಿ ಬರೆಯತೊಡಗಿದಳು. ಕಾಪಿ! ಅದಕ್ಕೆ ನನ್ನ ಹತ್ತಿರ ಒಂದೇ ಶಿಕ್ಷೆ, ಹೊರಗೆ ಕಟ್ಟೆಯ ಮೇಲೆ ನಿಲ್ಲುವುದು. ಎಷ್ಟು ಸಲ ನಿಂತಳೋ ಲೆಕ್ಕ ಇಟ್ಟಿಲ್ಲ. ಏಳನೆಯ ಇಯತ್ತೆ ಮುಗಿಸದೆ ಶಾಲೆ ಬಿಟ್ಟಳು. ಬಿಡಿಸಿದರು ಎಂದು ನಾನು ಬಹಳ ದಿನ ಹೇಳಿಕೊಂಡೆ.

2011ರಲ್ಲಿ ಅಣ್ಣಿಗೇರಿಯಲ್ಲಿ ಒಂದು ಮದುವೆ. ಅಕ್ಕಿಕಾಳು ಹಾಕಿ, ಅಮೃತೇಶ್ವರನ ಗುಡಿಗೆ ಹೋಗಿ ಕಂಬಗಳ ನಡುವೆ ಕುಳಿತಿದ್ದೆ. ಎತ್ತರದ ಹೆಂಗಸೊಬ್ಬಳು ಬಂದು ಕಾಲು ಮುಟ್ಟಿದಳು. ದಪ್ಪ ಗಾಜಿನ ಚಸ್ಮಾ. "ಗುರ್ತ ಹತ್ತಲಿಲ್ಲೇನ್ರಿ ಅಕ್ಕೋರ?" ಎಂದಳು. ದನಿಯಿಂದ ಗುರ್ತು ಹತ್ತಿತು. ಅತ್ತೆಯ ಕಣ್ಣಿನ ಪೊರೆ ತೆಗೆಸಲು ಕಣ್ಣಿನ ಶಿಬಿರಕ್ಕೆ ಹೋದವಳನ್ನೂ ಡಾಕ್ಟರು ಸುಮ್ಮನೆ ಕೂಡ್ರಿಸಿ ತಪಾಸಿಸಿದರಂತೆ. ಅತ್ತೆಗಿಂತ ಸೊಸೆಗೇ ಮೊದಲು ಚಸ್ಮಾ ಬಂತೆಂದು ನಕ್ಕಳು. "ಬೇವಿನ ಗಿಡಕ್ಕ ಒಂದೊಂದು ಎಲಿ ಬ್ಯಾರೆ ಬ್ಯಾರೆ ಇರತಾವಂತ ಆವತ್ತ ಗೊತ್ತಾತ್ರಿ. ಅಲ್ಲೀತನಾ ಗಿಡಾ ಅಂದ್ರ ಹಸರ ಮೋಡ ಇದ್ದಂಗ ಅಂತ ತಿಳ್ಕೊಂಡಿದ್ನಿರಿ. ಎಲ್ಲಾರಿಗೂ ಹಂಗ ಕಾಣತೈತಿ ಅನ್ಕೊಂಡಿದ್ನಿ."

ನನ್ನ ಬಾಯಿಂದ, "ನಾ ನಿನಗ ಭಾಳ ಹೊಡದೀನೇನ?" ಎಂಬ ಮಾತು ಬಂತು.

"ಇಲ್ರಿ ಅಕ್ಕೋರ. ನೀವು ಹೊಡೀತಿದ್ದಿಲ್ರಿ. ಹೊರಗ ನಿಂದ್ರಸ್ತಿದ್ರಿ, ಅಷ್ಟ."

ಆಕೆ ಚುಚ್ಚಲು ಹೇಳಿದ್ದಲ್ಲ. ನನ್ನನ್ನು ಸಮಾಧಾನಪಡಿಸಲು ಹೇಳಿದ್ದು. ನಾನು ತಪ್ಪಾಯಿತೆಂದು ಅನ್ನಬೇಕಾಗಿತ್ತು, ಅನ್ನಲಿಲ್ಲ. ಮಕ್ಕಳು ಎಷ್ಟು ಎಂದು ಕೇಳಿದೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಣದೆ ಮಾಡಿದ ತಪ್ಪಿಗೆ ಮನುಷ್ಯ ಹೊಣೆಯೋ ಅಲ್ಲವೋ? ತಿಳಿದು ಮಾಡಿದ್ದು ಪಾಪ, ತಿಳಿಯದೆ ಮಾಡಿದ್ದು ಪಾಪವಲ್ಲ ಎಂದು ನಾವೆಲ್ಲ ಸುಲಭವಾಗಿ ಅನ್ನುತ್ತೇವೆ. ಆದರೆ ತಿಳಿಯುವುದೇ ನಮ್ಮ ಕೆಲಸವಾಗಿದ್ದರೆ? ದಾರಿಯಲ್ಲಿ ಹೋಗುವವನು ಆ ಹುಡುಗಿಯ ಕಣ್ಣು ಗುರುತಿಸದಿದ್ದರೆ ತಪ್ಪಿಲ್ಲ. ನನಗೆ ಸರಕಾರ ಪಗಾರ ಕೊಟ್ಟದ್ದು ಆ ಮಕ್ಕಳನ್ನು ನೋಡುವುದಕ್ಕೆ.

ನನ್ನ ಪರವಾಗಿ ವಕೀಲಿ ಮಾಡಿಕೊಂಡೂ ನೋಡಿದ್ದೇನೆ. ಅರವತ್ತೆರಡು ಮಕ್ಕಳು, ಒಬ್ಬಳು ಶಿಕ್ಷಕಿ. ಇದು ಸುಳ್ಳಲ್ಲ. ಹುಡುಗಿ ತಾನಾಗಿ ಹೇಳಲಿಲ್ಲ. ಇದೂ ಸುಳ್ಳಲ್ಲ, ಆದರೆ ಇದರಲ್ಲಿ ಹುರುಳಿಲ್ಲ. ಹುಟ್ಟಿದಾಗಿನಿಂದ ಮಸುಕು ನೋಡಿದವಳಿಗೆ ಅದು ಮಸುಕೆಂದು ಗೊತ್ತಾಗುವುದು ಹೇಗೆ? ಕ್ಯಾಮೆರಾದ ಹೊಟ್ಟೆಯಲ್ಲಿ ಮಾಡಿದವರು ಬರೆದಿಟ್ಟ ಕಾಗದವಿರುತ್ತದೆ. ಮಗು ಅಂಥ ಕಾಗದ ತರುವುದಿಲ್ಲ. ಅದನ್ನು ನಾವೇ ಬರೆದುಕೊಳ್ಳಬೇಕು, ದಿನಾ ನೋಡಿ. ಇನ್ನು ಮೂರನೆಯ ನೆಪ, ನನಗೆ ಯಾರೂ ಕಲಿಸಿರಲಿಲ್ಲ ಎಂಬುದು. ಅದನ್ನು ಬರೆಯುವಾಗ ಕೈ ತಡೆಯುತ್ತದೆ. ಬಿ.ಎಡ್.ನಲ್ಲಿ ದೃಷ್ಟಿದೋಷದ ಮಕ್ಕಳ ಬಗ್ಗೆ ಒಂದು ಪಾಠವಿತ್ತು. ಲಕ್ಷಣಗಳು: ಕಣ್ಣು ಕಿರಿದು ಮಾಡಿ ನೋಡುವುದು, ಪುಸ್ತಕ ಮುಖದ ಹತ್ತಿರ ಹಿಡಿಯುವುದು, ಹಲಗೆ ಬಿಟ್ಟು ಪಕ್ಕದವರದನ್ನು ನೋಡಿ ಬರೆಯುವುದು. ಇದನ್ನು ನಾನು ಪರೀಕ್ಷೆಯಲ್ಲಿ ಅಂದವಾದ ಅಕ್ಷರದಲ್ಲಿ ಬರೆದು ಪಾಸಾಗಿದ್ದೆ. ರೋಗದ ಲಕ್ಷಣವೆಂದು ಉತ್ತರ ಬರೆದದ್ದಕ್ಕೆ ಮೂರು ವರ್ಷದ ಮೇಲೆ ಕಾಪಿ ಎಂದು ಶಿಕ್ಷೆ ಕೊಟ್ಟೆ.

ಗಿರಣಿಯಿಂದ ಬರುವಾಗ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಕೆಲಸದ ರೀತಿ ಹೇಳಿದ. ಯಂತ್ರ ತಪ್ಪು ಹೇಳತೊಡಗಿದರೆ ಅವರು ಮೊದಲು ಮಾಲನ್ನು ಬೈಯುವುದಿಲ್ಲ, ಸಾಫ್ಟ್‌ವೇರನ್ನೂ ಮುಟ್ಟುವುದಿಲ್ಲ. ದೀಪ ನೋಡುತ್ತಾರೆ. ದೀಪದ ಮೇಲೆ ಧೂಳು ಕೂತಿದೆಯೋ, ಕಿಟಕಿಯ ಬಿಸಿಲು ಬೀಳುತ್ತಿದೆಯೋ. ಆಮೇಲೆ ಮಸೂರ, ದೂರ ಸರಿಯಾಗಿದೆಯೋ ಇಲ್ಲವೋ. ಎಲ್ಲ ಸರಿ ಇದ್ದರೆ ಕಡೆಗೆ ತೀರ್ಮಾನದ ಮಾತು. ನಮ್ಮವ್ವ ನನ್ನ ಭುಜ ಹಿಡಿದು ತಿರುಗಿಸುತ್ತಿದ್ದುದು ಇದನ್ನೇ ಅಲ್ಲವೆ? ಪಾಳಿ ಶುರುವಾಗುವ ಮೊದಲು, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ಮೊದಲೇ ಗೊತ್ತಿರುವ ನಮೂನೆಗಳನ್ನು ಯಂತ್ರದ ಮುಂದೆ ಬಿಟ್ಟು ಅದನ್ನೇ ಪರೀಕ್ಷೆ ಮಾಡುತ್ತಾರಂತೆ. ನೋಡುವವನ ಪರೀಕ್ಷೆ ಮೊದಲು, ನೋಡಿಸಿಕೊಳ್ಳುವವನದು ಆಮೇಲೆ. ಚಿತ್ರದ ಚೂರೊಂದು ವಾಯರಿನ ದಾರಿಯಲ್ಲಿ ಕಳೆದುಹೋದರೆ ಕಂಪ್ಯೂಟರು ಅದಷ್ಟನ್ನೇ ಇನ್ನೊಮ್ಮೆ ಕಳಿಸೆಂದು ಕೇಳುತ್ತದೆ, ಕ್ಯಾಮೆರಾ ಸಿಟ್ಟು ಮಾಡದೆ ಕಳಿಸುತ್ತದೆ. ತರಗತಿಯಲ್ಲಿ "ಇನ್ನೊಮ್ಮೆ ಹೇಳ್ರಿ ಅಕ್ಕೋರ" ಎಂದ ಮಕ್ಕಳಿಗೆ ನಾನು ಏನು ಹೇಳಿದ್ದೇನೆಂದು ಇಲ್ಲಿ ಬರೆಯುವುದಿಲ್ಲ. ಗಾಳಿ ಊದಿ ಹಾರಿಸಿದ ಕಾಳನ್ನು ಸಹ ಎಸೆಯುವುದಿಲ್ಲ. ಕೆಟ್ಟದ್ದರ ಜೊತೆ ಅಕ್ಕಪಕ್ಕದ ಒಳ್ಳೆಯದೂ ಹಾರಿರುತ್ತದೆಂದು ಗೊತ್ತಿದ್ದು, ಅದನ್ನು ಎರಡನೆಯ ಸಲ ಯಂತ್ರಕ್ಕೆ ಹಾಕುತ್ತಾರೆ.

ಕೇಳುತ್ತ ಕೇಳುತ್ತ ನನಗೆ ಯಂತ್ರದ ಮೇಲೆ ಭಕ್ತಿಯೇ ಬಂದಿರಬೇಕು. ಮುಖದ ಮೇಲೆ ಕಂಡಿತೇನೋ, ಹುಡುಗ ನಕ್ಕ. "ಹಂಗ ತಿಳ್ಕೋಬ್ಯಾಡ ದೊಡ್ಡವ್ವಾ. ಕಾಳಿನ ಮ್ಯಾಲಿನ ಪ್ರೀತಿಗೆ ಯಾರೂ ಮಾಡೂದಿಲ್ಲ. ಛಲೋ ಕಾಳ ಹಾರಿ ಹೋದ್ರ ಮಾಲೀಕನ ರೊಕ್ಕಾ ಹೋಗತೈತಿ, ಅದಕ್ಕ ಇಷ್ಟೆಲ್ಲಾ."

ಈ ಮಾತು ನನಗೆ ಮೊದಲಿನದಕ್ಕಿಂತ ಹೆಚ್ಚು ತ್ರಾಸು ಕೊಟ್ಟಿತು. ರೊಕ್ಕದ ಆಸೆಯಿಂದ ಒಂದು ಹೆಸರು ಕಾಳಿಗೆ ಸಿಕ್ಕ ಬೆಳಕು, ಪ್ರೀತಿ ಇದ್ದೂ ಒಂದು ಮಗುವಿಗೆ ಸಿಗಲಿಲ್ಲ. ನನಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಹುಡುಗಿಗೆ ಜ್ವರ ಬಂದಾಗ ಮನೆಗೆ ಹೋಗಿ ನೋಡಿ ಬಂದಿದ್ದೆ. ಪ್ರೀತಿ ಇತ್ತು, ಅದಕ್ಕೊಂದು ಕ್ರಮ ಇರಲಿಲ್ಲ. ಕಂಡವರ ಮೇಲೆ ಹರಿಯುತ್ತಿತ್ತು, ಕಾಣದವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಯಂತ್ರಕ್ಕೆ ಪ್ರೀತಿಯಿಲ್ಲ, ಕ್ರಮವಿದೆ. ಯಂತ್ರ ತಪ್ಪಿದರೆ ಯಾರೂ ಯಂತ್ರವನ್ನು ಪಾಪಿ ಎನ್ನುವುದಿಲ್ಲ, ಅದರ ದೀಪ ನೋಡದ ಮನುಷ್ಯನನ್ನು ಕೇಳುತ್ತಾರೆ. ನನ್ನ ತರಗತಿಯಲ್ಲಿ ನೋಡುವ ಕಣ್ಣೂ ನಾನೇ, ದೀಪ ಒರೆಸಬೇಕಾದವಳೂ ನಾನೇ. ಹಾಗಿದ್ದಮೇಲೆ "ಕಾಣಲಿಲ್ಲ" ಎಂಬುದು ಉತ್ತರವಾಗುತ್ತದೆಯೆ? "ನೋಡಲಿಲ್ಲ" ಎನ್ನಬೇಕು. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಮಾತು ಎಂದು ನಾನೇ ಎಷ್ಟು ವರ್ಷ ವ್ಯಾಕರಣ ಕಲಿಸಿದ್ದೇನೆ.

ಮನುಷ್ಯನ ಕಣ್ಣಿಗೂ ಒಂದು ಅಳತೆ ಎಂದೋ ಆಗಿತ್ತು. ಡಚ್ ವೈದ್ಯ ಸ್ನೆಲ್ಲೆನ್ 1862ರಲ್ಲಿ ಮೇಲಿನಿಂದ ಕೆಳಗೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಫಲಕ ಮಾಡಿದ. ಅದನ್ನು ಆರು ಮೀಟರ್ ದೂರದಿಂದ, ಎಂದರೆ ಸುಮಾರು ಇಪ್ಪತ್ತು ಅಡಿಯಿಂದ ಓದಿಸಬೇಕು. ಗಿರಣಿಗೆ ಹೋಗಿ ಬಂದ ಮರುದಿನ ನಾನು ಶಾಲೆಯಲ್ಲಿ ಹಲಗೆಯಿಂದ ಹಿಂದಿನ ಗೋಡೆಯ ತನಕ ಟೇಪು ಹಿಡಿಸಿದೆ. ಇಪ್ಪತ್ತು ಅಡಿಗೆ ನಾಲ್ಕು ಬೆರಳು ಕಡಿಮೆ. ಕಣ್ಣಿನ ಡಾಕ್ಟರ ಖೋಲಿಯನ್ನು ಸರಕಾರ ನನಗೆ ಮೊದಲ ದಿನವೇ ಕಟ್ಟಿಸಿಕೊಟ್ಟಿತ್ತು.

ಈಗ ಕಾಲ ಸುಧಾರಿಸಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಶಾಲೆಗೆ ಬಂದು ಮಕ್ಕಳನ್ನು ತಪಾಸಿಸುತ್ತಾರೆ. ಚಸ್ಮಾ ಕೊಡಿಸುವ ವ್ಯವಸ್ಥೆಯೂ ಇದೆ. ಆದರೆ ಅವರು ಬರುವ ದಿನ ಮಗು ಮೆಣಸಿನಕಾಯಿ ಬಿಡಿಸಲು ಅವ್ವನ ಸಂಗಡ ಹೊಲಕ್ಕೆ ಹೋಗಿರುತ್ತದೆ. ಹಾಗಾಗಿ 2011ರಿಂದ ಜೂನ್ ಮೊದಲ ವಾರ ನಾನೇ ಒಂದು ಕೆಲಸ ಮಾಡುತ್ತ ಬಂದಿದ್ದೇನೆ. ಹಲಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದು, ಒಬ್ಬೊಬ್ಬರನ್ನೇ ಹಿಂದಿನ ಗೋಡೆಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ ಓದಿಸುತ್ತೇನೆ. ಕಿಟಕಿ ಮೊದಲು ತೆರೆಸುತ್ತೇನೆ.

ಈ ವರ್ಷ ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗ ಬಂದು ಗೋಡೆಗೆ ನಿಂತ. ಇಡೀ ಸಾಲನ್ನು ಎಲ್ಲಿಯೂ ತಡೆಯದೆ ಗಡಗಡ ಓದಿದ. ಅಷ್ಟು ಚೆನ್ನಾಗಿ ಅಲ್ಲಿಯ ತನಕ ಯಾರೂ ಓದಿರಲಿಲ್ಲ. ಅವನ ಸರದಿ ಹದಿನೆಂಟನೆಯದು. ನಾನು ಶಾಬ್ಬಾಸ್ ಎನ್ನುವವಳಿದ್ದೆ. ಏನನ್ನಿಸಿತೋ, ಹೋಗಿ ಎರಡು ಶಬ್ದ ಅಳಿಸಿ ಬೇರೆ ಎರಡು ಬರೆದು, "ಇನ್ನೊಮ್ಮೆ ಓದಪಾ" ಎಂದೆ. ಅವನು ಬೆನ್ನು ನೆಟ್ಟಗೆ ಮಾಡಿ, ಹಲಗೆಯನ್ನೇ ದಿಟ್ಟಿಸುತ್ತ, ಅಳಿಸಿಹೋದ ಸಾಲನ್ನೇ ಮತ್ತೆ ಓದಿದ.

ಮಕ್ಕಳೆಲ್ಲ ಘೊಳ್ಳೆಂದು ನಕ್ಕರು. ನಾನು ಅವನನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಸಂಜೆ ಅವರವ್ವನಿಗೆ ಬಂದು ಭೆಟ್ಟಿಯಾಗಲು ಹೇಳಿ ಕಳಿಸಿದೆ.